ಮಾತು ಆಜ್ಞೆಯಾದಾಗ: ‘ಆಪರೇಷನ್: ಮೈಂಡ್‌ಕ್ರೈಮ್’ನ ವಿಡಂಬನೆ ಮತ್ತು ಅದರ ಮರೆವು

1988ರ ಮೇ ತಿಂಗಳಲ್ಲಿ ಹೊರಬಂದ ‘ಆಪರೇಷನ್: ಮೈಂಡ್‌ಕ್ರೈಮ್’, ಹೆವಿ ಮೆಟಲ್ ಸಂಗೀತವನ್ನು ರಂಗಕಥನಕ್ಕೆ ಒಗ್ಗಿಸಿದ ಕೃತಿಗಳಲ್ಲಿ ಪ್ರಮುಖವಾದುದು. ಇದನ್ನು ರಚಿಸಿದ ಕ್ವೀನ್ಸ್‌ರೈಕ್ ತಂಡ ಅಮೆರಿಕದ ಸಿಯಾಟಲ್ ನಗರದ ಸಮೀಪದ ಬೆಲ್‌ವ್ಯೂನದು. ಹದಿನೈದು ಭಾಗಗಳಲ್ಲಿ, ಸುಮಾರು ಒಂದು ಗಂಟೆಯ ಅವಧಿಯಲ್ಲಿ, ಒಂದೇ ಕಥೆಯನ್ನು ಹೇಳುವ ಈ ಆಲ್ಬಮ್ ಬಿಡಿ ಹಾಡುಗಳ ಸಂಕಲನಕ್ಕಿಂತ ಶ್ರವ್ಯನಾಟಕಕ್ಕೆ ಹತ್ತಿರವಾಗಿದೆ. ಇದರ ರಾಜಕೀಯ ವಿಡಂಬನೆಯ ಮೊನಚನ್ನು ವಿಮರ್ಶೆ ಹಲವು ಬಾರಿ ಮೆಚ್ಚಿದೆ. ಆ ವಿಡಂಬನೆ ಹುಟ್ಟಿದ ನೆಲದಿಂದ ಏನನ್ನು ಎತ್ತಿಕೊಂಡಿತು, ಏನನ್ನು ಬಿಟ್ಟುಬಂದಿತು ಎಂಬುದು ಭಾಷಾ ಅಲ್ಪಸಂಖ್ಯಾತರ ಅಧ್ಯಯನಕ್ಕೆ ಹೆಚ್ಚು ಮುಖ್ಯವಾದ ಪ್ರಶ್ನೆ.

ಕಥೆ ಆಸ್ಪತ್ರೆಯಲ್ಲಿ ತೊಡಗುತ್ತದೆ. ನಿಕ್ಕಿ ಎಂಬ ಯುವಕನಿಗೆ ದಾದಿ ಚುಚ್ಚುಮದ್ದು ಕೊಟ್ಟು ಹೋಗುತ್ತಾಳೆ. ಅವನಿಗೆ ಮರೆತದ್ದೆಲ್ಲ ನೆನಪಾಗತೊಡಗುತ್ತದೆ. ಮಾದಕವಸ್ತುವಿನ ಚಟಕ್ಕೆ ಬಿದ್ದ, ಸಮಾಜದ ಮೇಲೆ ಭರವಸೆ ಕಳೆದುಕೊಂಡ ಈತನನ್ನು ಡಾಕ್ಟರ್ ಎಕ್ಸ್ ಎಂಬ ಕ್ರಾಂತಿನಾಯಕ ತನ್ನ ಗುಪ್ತ ಸಂಘಟನೆಯ ಕೊಲೆಗಾರನನ್ನಾಗಿ ಪಳಗಿಸಿದ್ದಾನೆ. ದೂರವಾಣಿಯಲ್ಲಿ ಒಂದು ಸಂಕೇತಪದ ಕಿವಿಗೆ ಬಿದ್ದರೆ ಸಾಕು, ನಿಕ್ಕಿ ಹೇಳಿದವರನ್ನು ಕೊಂದು ಬರುತ್ತಾನೆ. ವೇಶ್ಯಾವೃತ್ತಿಯಿಂದ ಬಂದು ಸನ್ಯಾಸಿನಿಯಾದ ಮೇರಿಯ ಸ್ನೇಹದಲ್ಲಿ ಅವನಿಗೆ ಬಿಡುಗಡೆಯ ಆಸೆ ಮೂಡುತ್ತದೆ. ಆಗ ಅವಳನ್ನೇ ಕೊಲ್ಲಬೇಕೆಂಬ ಆಜ್ಞೆ ಬರುತ್ತದೆ. ನಿಕ್ಕಿಗೆ ಅದು ಸಾಧ್ಯವಾಗುವುದಿಲ್ಲ. ಆದರೂ ಮೇರಿ ಶವವಾಗಿ ಸಿಗುತ್ತಾಳೆ. ಅವಳ ಸಾವಿಗೆ ಕಾರಣ ಯಾರೆಂಬುದನ್ನು ಆಲ್ಬಮ್ ತೆರೆದೇ ಇಡುತ್ತದೆ. ಕೊನೆಗೆ ಕನ್ನಡಿಯಲ್ಲಿ ಕಾಣುವ ತನ್ನ ಮುಖವೇ ನಿಕ್ಕಿಗೆ ಅಪರಿಚಿತ.

ಈ ಕಥನಕ್ಕೆ ರಂಗರೂಪ ಕೊಟ್ಟಿರುವ ಬಗೆ ಗಮನಾರ್ಹ. ಆಸ್ಪತ್ರೆಯ ಧ್ವನಿವರ್ಧಕದ ಕರೆ, ಜನಸಮೂಹದ ಘೋಷಣೆ, ಫೋನಿನಲ್ಲಿ ಬರುವ ತಣ್ಣನೆಯ ದನಿ ಇವೆಲ್ಲ ಹಾಡುಗಳ ನಡುವೆ ದೃಶ್ಯಗಳನ್ನು ಕಟ್ಟುತ್ತವೆ. ಡಾಕ್ಟರ್ ಎಕ್ಸ್‌ನ ಮಾತಿಗೆ ಬ್ರಿಟಿಷ್ ನಟ ಆ್ಯಂಟನಿ ವ್ಯಾಲೆಂಟೈನ್, ಮೇರಿಯ ಗಾಯನಕ್ಕೆ ಪ್ಯಾಮೆಲಾ ಮೂರ್ ದನಿಯಾಗಿದ್ದಾರೆ. ‘ಸ್ವೀಟ್ ಸಿಸ್ಟರ್ ಮೇರಿ’ ಎಂಬ ಹತ್ತು ನಿಮಿಷಗಳ ದೀರ್ಘ ಭಾಗದಲ್ಲಿ ಮೈಕೆಲ್ ಕೇಮನ್ ಅವರ ವಾದ್ಯವೃಂದ ಸಂಯೋಜನೆ ಮತ್ತು ಚರ್ಚಿನ ನೆನಪು ತರುವ ವೃಂದಗಾನ ಗಿಟಾರುಗಳ ಜೊತೆ ಸೇರಿ, ಜೆಫ್ ಟೇಟ್ ಹಾಗೂ ಮೂರ್ ಅವರ ಸಂವಾದಗಾನವನ್ನು ದುರಂತ ನಾಟಕದ ಎತ್ತರಕ್ಕೆ ಒಯ್ಯುತ್ತವೆ.

ವಿಡಂಬನೆಯ ಮೊದಲ ಗುರಿ ರೇಗನ್ ಆಡಳಿತದ ಕೊನೆಯ ವರ್ಷಗಳ ಅಮೆರಿಕ. ಇರಾನ್–ಕಾಂಟ್ರಾ ಪ್ರಕರಣ ಮತ್ತು ಟಿ.ವಿ. ಧರ್ಮಬೋಧಕರ ಹಗರಣಗಳು ಸುದ್ದಿಯಲ್ಲಿದ್ದ ಕಾಲವದು. ಹಣಕ್ಕೆ ಮಾರಿಕೊಂಡ ರಾಜಕಾರಣ, ಭಕ್ತಿಯನ್ನು ವ್ಯಾಪಾರಕ್ಕಿಟ್ಟ ಧರ್ಮ, ಇವೆರಡನ್ನೂ ಆಲ್ಬಮ್ ಕಟುವಾಗಿ ಗೇಲಿ ಮಾಡುತ್ತದೆ. ಆದರೆ ಇದರ ನಿಜವಾದ ಧೈರ್ಯ ಎರಡನೆಯ ಗುರಿಯಲ್ಲಿದೆ. ಭ್ರಷ್ಟರನ್ನು ಕೊಲ್ಲಲು ಹೊರಟ ಕ್ರಾಂತಿನಾಯಕ ಸ್ವತಃ ಚಟಗಾರನ ಚಟವನ್ನೇ ಸರಪಳಿ ಮಾಡಿಕೊಂಡವನು. ಹಿಂಬಾಲಕನಿಗೆ ಅವನು ಕೊಡುವುದು ವಿಚಾರವನ್ನಲ್ಲ, ಒಂದು ಪದವನ್ನು. ಅರ್ಥ ಕಳಚಿಹೋಗಿ ಆಜ್ಞೆಯಾಗಿ ಮಾತ್ರ ಉಳಿದ ಆ ಪದ, ಘೋಷಣೆಯ ರಾಜಕಾರಣ ಮನುಷ್ಯನ ಮಾತನ್ನು ಏನು ಮಾಡುತ್ತದೆ ಎಂಬುದಕ್ಕೆ ಸಮರ್ಥ ರೂಪಕವಾಗಿದೆ.

ಈ ಕಥೆಯ ಮೂಲ ಅಮೆರಿಕದ ಹೊರಗಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾಗ ಕ್ವಿಬೆಕ್ ಪ್ರತ್ಯೇಕತಾ ಚಳವಳಿಯ ಉಗ್ರಗಾಮಿಗಳ ಪರಿಚಯವಾಗಿ ಅದರಿಂದ ಕಥೆಯ ಹೊಳಹು ಸಿಕ್ಕಿತೆಂದು ಗಾಯಕ ಟೇಟ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಧ್ವನಿಮುದ್ರಣದ ಒಂದು ಭಾಗವೂ ಕ್ವಿಬೆಕ್‌ನ ಮೋರಿನ್ ಹೈಟ್ಸ್‌ನಲ್ಲಿಯೇ ನಡೆಯಿತು. ಆ ಚಳವಳಿಯ ಬೇರು ಭಾಷೆಯಲ್ಲಿತ್ತು. ಕ್ವಿಬೆಕ್‌ನಲ್ಲಿ ಫ್ರೆಂಚ್ ಭಾಷಿಕರು ಬಹುಸಂಖ್ಯಾತರು, ಕೆನಡಾದಲ್ಲಿ ಅಲ್ಪಸಂಖ್ಯಾತರು. ತಮ್ಮ ನಗರದಲ್ಲಿಯೇ ಮೇಲಿನ ಹುದ್ದೆಗಳು ಇಂಗ್ಲಿಷಿನವರ ಪಾಲಾಗುವುದನ್ನು ದೀರ್ಘಕಾಲ ಕಂಡವರು. 1963ರಿಂದ ಬಾಂಬು ದಾಳಿಗಳಿಗೆ ಇಳಿದ ಉಗ್ರರ ಗುಂಪು 1970ರ ಅಕ್ಟೋಬರ್‌ನಲ್ಲಿ ಸಚಿವ ಪಿಯೆರ್ ಲಪೋರ್ಟ್ ಅವರನ್ನು ಅಪಹರಿಸಿ ಕೊಂದಿತು. ಕೇಂದ್ರ ಸರ್ಕಾರ ಯುದ್ಧಕಾಲದ ಕಾನೂನನ್ನು ಜಾರಿಗೊಳಿಸಿ ನೂರಾರು ಜನರನ್ನು ಬಂಧಿಸಿತು. ಆದರೆ ಫ್ರೆಂಚಿಗೆ ಸ್ಥಾನ ದೊರೆತದ್ದು ಬಾಂಬಿನಿಂದಲ್ಲ. 1976ರ ಚುನಾವಣೆಯಲ್ಲಿ ಗೆದ್ದ ಪಕ್ಷ 1977ರಲ್ಲಿ ತಂದ ಫ್ರೆಂಚ್ ಭಾಷಾ ಸನ್ನದಿನಿಂದ. ಅದೇ ಪಕ್ಷ ಪ್ರತ್ಯೇಕತೆಯ ಹಾದಿಯನ್ನು ಮುಂದಿಟ್ಟಾಗ 1980ರ ಜನಮತಗಣನೆಯಲ್ಲಿ ಸುಮಾರು ಶೇ. 60 ಮತದಾರರು ಅದನ್ನು ನಿರಾಕರಿಸಿದರು.

ಆಲ್ಬಮ್ ಈ ಚರಿತ್ರೆಯಿಂದ ಎತ್ತಿಕೊಂಡದ್ದು ಉಗ್ರಗಾಮಿಯನ್ನು ಮಾತ್ರ; ಅವನ ಹಿಂದಿನ ಜನ, ಅವರ ಭಾಷೆ, ಅವರ ದೂರು ಬಿಟ್ಟುಹೋಗಿವೆ. ಡಾಕ್ಟರ್ ಎಕ್ಸ್‌ಗೆ ಹೆಸರಿಲ್ಲ, ಊರಿಲ್ಲ, ತಾಯ್ನುಡಿಯಿಲ್ಲ. ಈ ಅಮೂರ್ತತೆಯಿಂದಲೇ ಕಥೆ ಎಲ್ಲಿಗಾದರೂ ಹೊಂದುವಂತಾಯಿತು ಎಂದು ಸಮರ್ಥಿಸಬಹುದು. ಆ ಸಮರ್ಥನೆಯಲ್ಲಿ ಹುರುಳಿದೆ. ಆದರೆ ಅದರ ಬೆಲೆಯೂ ಸಣ್ಣದಲ್ಲ. ಕೃತಿಯ ಜಗತ್ತಿನಲ್ಲಿ ಎರಡೇ ಶಕ್ತಿಗಳಿವೆ: ಕೊಳೆತ ಅಧಿಕಾರ ಮತ್ತು ಕೊಳೆತ ಕ್ರಾಂತಿ. ಶಾಲೆ, ಪತ್ರಿಕೆ, ಮತಪೆಟ್ಟಿಗೆಗಳ ಮೂಲಕ ತನ್ನ ನುಡಿಗಾಗಿ ತಾಳ್ಮೆಯಿಂದ ದುಡಿಯುವ ಸಮುದಾಯಕ್ಕೆ ಇಲ್ಲಿ ದನಿಯಿಲ್ಲ. ದೂರನ್ನು ಅಳಿಸಿ ದೂರುವವನನ್ನಷ್ಟೇ ಉಳಿಸಿದರೆ ಅವನು ಖಳನಾಗಿಯೇ ಕಾಣುತ್ತಾನೆ. ಅಲ್ಪಸಂಖ್ಯಾತರ ಬೇಡಿಕೆಗಳನ್ನೆಲ್ಲ ಯಾರದೋ ಚಿತಾವಣೆ ಎಂದು ತಳ್ಳಿಹಾಕುವ ಆಡಳಿತದ ಮಾತಿಗೂ ಈ ನೋಟಕ್ಕೂ ಅಂತರ ಹೆಚ್ಚಿಲ್ಲ. ತಾಯ್ನುಡಿಯ ಶಾಲೆಗಾಗಿ, ತಮ್ಮ ಲಿಪಿಯಲ್ಲಿ ಒಂದು ಸರ್ಕಾರಿ ಆದೇಶಕ್ಕಾಗಿ ಮನವಿ ಬರೆಯುತ್ತ ಬಂದ ಗಡಿನಾಡಿನ ಕನ್ನಡಿಗರಿಗೆ ಇದು ಅಪರಿಚಿತ ಅನುಭವವಲ್ಲ.

ಹಾಗೆಂದು ಕೃತಿಯನ್ನು ಬದಿಗಿಡುವಂತಿಲ್ಲ. ತಾನು ಮರೆತದ್ದನ್ನು ಅದು ತನ್ನ ರೂಪದಲ್ಲಿ ಅರಿಯದೆಯೇ ಉಳಿಸಿಕೊಂಡಿದೆ. ಸ್ವಂತ ಮಾತನ್ನು ಕಳೆದುಕೊಂಡು ಇನ್ನೊಬ್ಬನ ಪದಕ್ಕೆ ದೇಹವಾದ ನಿಕ್ಕಿಯ ಪಾಡು, ಭಾಷೆಯನ್ನು ಕಳೆದುಕೊಳ್ಳುವ ಸಮುದಾಯದ ಪಾಡಿಗೆ ತೀರ ದೂರವಾದುದಲ್ಲ. ನೆನಪು ಮರಳುವ ಕ್ಷಣದಿಂದಲೇ ಕಥೆ ಆರಂಭವಾಗುವುದೂ ಆಕಸ್ಮಿಕವೆನಿಸುವುದಿಲ್ಲ. ನುಡಿಯನ್ನು ಘೋಷಣೆಯಾಗಿಸುವವರ ಬಗ್ಗೆ ಈ ಆಲ್ಬಮ್ ಕೊಡುವ ಎಚ್ಚರ ಇಂದಿಗೂ ಬೇಕಾದುದು. ಆ ಘೋಷಣೆಗಿಂತ ಮೊದಲು ಅಲ್ಲೊಂದು ನುಡಿಯಿತ್ತು ಎಂಬುದನ್ನು ಕೇಳುಗರು ತಾವೇ ನೆನೆಯಬೇಕಾಗಿದೆ.