ಇಲಿಯಾಗಿಯೇ ಉಳಿದ ಹುಡುಗ

ರೋಆಲ್ಡ್ ಡಾಲ್ 1983ರಲ್ಲಿ ಬರೆದ ‘ದ ವಿಚಸ್’ ಕಾದಂಬರಿಯಲ್ಲಿ ಮಾಟಗಾತಿಯರು ಒಬ್ಬ ಹುಡುಗನನ್ನು ಇಲಿ ಮಾಡಿಬಿಡುತ್ತಾರೆ. ಕತೆ ಮುಗಿದಾಗಲೂ ಅವನು ಇಲಿಯೇ. ತನ್ನಂಥ ಇಲಿ ಎಷ್ಟು ವರ್ಷ ಬದುಕಬಹುದು ಎಂದು ಅಜ್ಜಿಯನ್ನು ಕೇಳುತ್ತಾನೆ. ಸುಮಾರು ಒಂಬತ್ತು ವರ್ಷ ಎಂಬ ಉತ್ತರ ಬರುತ್ತದೆ. ಅಜ್ಜಿಗೆ ಆಗಲೇ 86. ಹಾಗಾದರೆ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹೋಗಬಹುದಲ್ಲ ಎಂದು ಹುಡುಗನಿಗೆ ಸಮಾಧಾನವಾಗುತ್ತದೆ. ಅಪ್ಪ ಅಮ್ಮನನ್ನು ಕಳೆದುಕೊಂಡ ಮಗುವಿಗೆ ಅಜ್ಜಿಯೂ ಇಲ್ಲದ ದಿನವನ್ನು ನೋಡುವುದು ಬೇಕಿಲ್ಲ. ಮಕ್ಕಳ ಸಾಹಿತ್ಯದಲ್ಲಿ ಪ್ರೀತಿಯ ಬಗ್ಗೆ ಇಷ್ಟು ನೇರವಾದ ಮಾತನ್ನು ನಾನು ಹೆಚ್ಚು ಕಡೆ ಓದಿಲ್ಲ.

1990ರಲ್ಲಿ ನಿಕೊಲಸ್ ರೋಗ್ ಇದನ್ನು ಸಿನಿಮಾ ಮಾಡಿದರು. ಜಿಮ್ ಹೆನ್ಸನ್ ಅವರ ಬೊಂಬೆಗಳ ಕೈಚಳಕ, ಮಹಾಮಾಟಗಾತಿಯಾಗಿ ಆಂಜೆಲಿಕಾ ಹ್ಯೂಸ್ಟನ್ ಅವರ ಅಬ್ಬರ, ಎಲ್ಲವೂ ಇವತ್ತಿಗೂ ಮಾಸಿಲ್ಲ. ಆದರೆ ಕೊನೆಯಲ್ಲಿ ಎಲ್ಲಿಂದಲೋ ಒಬ್ಬ ಒಳ್ಳೆಯ ಮಾಟಗಾತಿ ಬಂದು ಹುಡುಗನನ್ನು ಮತ್ತೆ ಮನುಷ್ಯನನ್ನಾಗಿ ಮಾಡುತ್ತಾಳೆ. ಡಾಲ್ ಸಿಟ್ಟಾದರು. ಪುಸ್ತಕ ಓದಿ ಹೋಗಿದ್ದ ಮಕ್ಕಳಿಗೂ ಅದೇ ದೂರು. ಓದದೆ ಹೋದವರು ಸಂತೋಷವಾಗಿ ಮನೆಗೆ ಬಂದರು.

ಮಕ್ಕಳ ಕಾದಂಬರಿಯಿಂದ ಬಂದ ಪ್ರತಿಯೊಂದು ಮಾಂತ್ರಿಕ ಚಿತ್ರದ ಸುತ್ತಲೂ ಈ ಜಗಳ ನಡೆದಿದೆ. ದೊಡ್ಡವರ ಕಾದಂಬರಿಗಳಿಗೂ ಇದು ಹೊಸದಲ್ಲ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ತೆರೆಗೆ ಬಂದಾಗ ಜನ ಮುಗಿಬಿದ್ದು ನೋಡಿದರು, ಮೂಲ ಕಾದಂಬರಿಗಳ ಲೇಖಕ ತರಾಸು ಮಾತ್ರ ಒಪ್ಪಲಿಲ್ಲ. ಆದರೆ ಮಕ್ಕಳ ವಿಷಯದಲ್ಲಿ ಜಗಳದ ಸ್ವರೂಪವೇ ಬೇರೆ. ಹತ್ತು ವರ್ಷದ ಓದುಗನಿಗೆ ಪುಸ್ತಕವೆಂದರೆ ತಾನು ಹೋಗಿ ಬಂದ ಊರು. ಆ ಊರಿನ ಬಗ್ಗೆ ಬೇರೆಯವರು ತಪ್ಪು ಹೇಳಿದರೆ ಅವನು ಸುಮ್ಮನಿರುವುದಿಲ್ಲ. ‘ಪುಸ್ತಕದಲ್ಲಿ ಹೀಗಿರಲಿಲ್ಲ’ ಎಂಬ ಅವನ ಮಾತನ್ನು ವಿಮರ್ಶಕರು ಎಂಬತ್ತು ವರ್ಷಗಳಿಂದ ಹುಡುಗಾಟಿಕೆಯೆಂದು ಪಕ್ಕಕ್ಕೆ ಸರಿಸುತ್ತಾ ಬಂದಿದ್ದಾರೆ. ಸಿನಿಮಾ ಬೇರೆ ಮಾಧ್ಯಮ, ಬದಲಾವಣೆ ಅನಿವಾರ್ಯ ಎಂಬ ಪಾಠ ಹೇಳಿ ಮುಗಿಸುತ್ತಾರೆ. ಆ ಪಾಠ ಸರಿಯೇ. ಆದರೆ ಮಗುವಿನ ದೂರಿನಲ್ಲಿ ಎರಡು ಬೇರೆ ಬೇರೆ ದೂರುಗಳು ಬೆರೆತಿರುತ್ತವೆ. ಒಂದು, ಬಿಟ್ಟುಹೋದದ್ದರ ಲೆಕ್ಕ. ಇನ್ನೊಂದು, ತನಗೆ ಮೋಸವಾಯಿತೆಂಬ ಭಾವನೆ. ಮೊದಲನೆಯದನ್ನು ನಾವು ಬಿಡಬಹುದು. ಎರಡನೆಯದನ್ನು ಬಿಡಲಾಗದು.

ಹ್ಯಾರಿ ಪಾಟರ್ ಚಿತ್ರಗಳಲ್ಲಿ ಈ ಎರಡೂ ಸ್ಪಷ್ಟವಾಗಿ ಸಿಗುತ್ತವೆ. 2001ರಿಂದ 2011ರವರೆಗೆ ಬಂದ ಎಂಟು ಚಿತ್ರಗಳಲ್ಲಿ ಮೊದಲ ಎರಡನ್ನು ಕ್ರಿಸ್ ಕೊಲಂಬಸ್ ಪುಟಪುಟವನ್ನೂ ಹಿಡಿದು ಮಾಡಿದರು. ಆದರೂ ಪೀವ್ಸ್ ಎಂಬ ತುಂಟ ಭೂತ ಎಲ್ಲಿ ಎಂದು ಓದುಗರು ಕೇಳಿದರು. ಆ ಪಾತ್ರವನ್ನು ರಿಕ್ ಮೇಯಲ್ ಅಭಿನಯಿಸಿಯೂ ಇದ್ದರು, ಸಂಕಲನದಲ್ಲಿ ಹೊರಟುಹೋಯಿತು. ಮೂರನೆಯ ಚಿತ್ರ 2004ರದು, ನಿರ್ದೇಶಕ ಅಲ್ಫೊನ್ಸೊ ಕ್ವಾರೊನ್. ಇಲ್ಲಿ ಬಿಟ್ಟದ್ದು ಇನ್ನೂ ಹೆಚ್ಚು. ಹ್ಯಾರಿಯ ಕೈಸೇರುವ ಮಾಯಾನಕ್ಷೆಯನ್ನು ಬರೆದ ನಾಲ್ವರು ಯಾರೆಂಬುದನ್ನೇ ಚಿತ್ರ ಹೇಳುವುದಿಲ್ಲ. ಅವರಲ್ಲೊಬ್ಬ ಹ್ಯಾರಿಯ ತಂದೆ ಎಂಬುದು ಪುಸ್ತಕದ ಭಾವನೆಗೆ ದೊಡ್ಡ ಆಧಾರ, ಹಾಗಾಗಿ ಈ ದೂರಿನಲ್ಲಿ ಹುರುಳಿಲ್ಲವೆನ್ನಲಾರೆ. ಎಂಟರಲ್ಲಿ ಅತಿ ಕಡಿಮೆ ಗಳಿಸಿದ್ದು ಇದೇ ಚಿತ್ರ. ಎಂಟರಲ್ಲಿ ಅತ್ಯುತ್ತಮ ಎಂದು ವಿಮರ್ಶಕರು ಮತ್ತೆ ಮತ್ತೆ ಹೇಳಿದ್ದೂ ಇದನ್ನೇ. ನನಗೂ ಹಾಗೆಯೇ ಅನ್ನಿಸುತ್ತದೆ, ಕಾರಣ ಛಾಯಾಗ್ರಹಣ ಒಂದೇ ಅಲ್ಲ. ಸರೋವರದ ಆಚೆ ದಡದಲ್ಲಿ ತನ್ನನ್ನು ಉಳಿಸಿದವನು ಸತ್ತ ಅಪ್ಪನೇ ಎಂದು ನಂಬಿ ಕಾಯುವ ಹುಡುಗ, ಅಲ್ಲಿ ಯಾರೂ ಬರುವುದಿಲ್ಲ, ಉಳಿಸಬೇಕಾದವನು ತಾನೇ ಎಂದು ತಿಳಿಯುವ ಕ್ಷಣಕ್ಕೆ ಕ್ವಾರೊನ್ ಧಕ್ಕೆ ತರಲಿಲ್ಲ. ಮೂರನೆಯ ಪುಸ್ತಕ ನಿಂತಿರುವುದೇ ಆ ಕ್ಷಣದ ಮೇಲೆ. ನಕ್ಷೆಯ ಕತೆ ಹೋದರೂ ಅದು ಉಳಿಯಿತು.

ಕೊನೆಯ ಚಿತ್ರದಲ್ಲಿ ಆದದ್ದು ಇದಕ್ಕೆ ವಿರುದ್ಧ. ಕತೆಯ ಘಟನೆಗಳೆಲ್ಲ ಸರಿಸುಮಾರು ಇವೆ. ಆದರೆ ಪುಸ್ತಕದಲ್ಲಿ ಖಳನಾಯಕ ವೋಲ್ಡೆಮಾರ್ಟ್ ಶಾಲೆಯ ದೊಡ್ಡ ಹಾಲ್‌ನಲ್ಲಿ, ಎಲ್ಲರ ಕಣ್ಣೆದುರು, ಯಾವುದೇ ಸಾಮಾನ್ಯ ಮನುಷ್ಯನ ಹಾಗೆ ನೆಲಕ್ಕೆ ಬಿದ್ದು ಸಾಯುತ್ತಾನೆ. ಹೆಣ ಅಲ್ಲೇ ಇರುತ್ತದೆ. ಸಾವನ್ನು ಗೆಲ್ಲಲು ಇಡೀ ಆಯುಸ್ಸು ಕಳೆದವನಿಗೆ ಆ ಸಾಮಾನ್ಯ ಸಾವೇ ತೀರ್ಪು. 2011ರ ಚಿತ್ರದಲ್ಲಿ ಅವನು ಯಾರೂ ಇಲ್ಲದ ಅಂಗಳದಲ್ಲಿ ಬೂದಿಯ ಚೂರುಗಳಾಗಿ ಗಾಳಿಯಲ್ಲಿ ತೇಲಿಹೋಗುತ್ತಾನೆ. ಗ್ರಾಫಿಕ್ಸ್ ತಂಡಕ್ಕೆ ಕೆಲಸ ಸಿಕ್ಕಿತು, ಆದರೆ ಅವನಿಗೆ ಅವನು ಬಯಸಿದ ಅಸಾಮಾನ್ಯತೆಯೂ ಸಿಕ್ಕಿಬಿಟ್ಟಿತು. ಓದುಗರು ಇದರ ಮೇಲೆ ಇಂದಿಗೂ ಕೋಪ ಇಟ್ಟುಕೊಂಡಿದ್ದಾರೆ, ಆ ಕೋಪ ಪೀವ್ಸ್‌ಗಾಗಿ ಬಂದ ಕೋಪದಂಥದ್ದಲ್ಲ. ಏಳು ಪುಸ್ತಕಗಳು ಸಾವಿನ ಬಗ್ಗೆ ಕಟ್ಟಿದ ಯೋಚನೆ ಇಲ್ಲಿ ಕೊನೆಯ ಕ್ಷಣದಲ್ಲಿ ಕೈಬಿಟ್ಟುಹೋಗಿದೆ.

ಈ ಪರಂಪರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ‘ದ ನೆವರ್‌ಎಂಡಿಂಗ್ ಸ್ಟೋರಿ’. ಮಿಖಾಯೆಲ್ ಎಂಡೆ 1979ರಲ್ಲಿ ಬರೆದ ಜರ್ಮನ್ ಕಾದಂಬರಿ ಇದು. ನಿಜಲೋಕಕ್ಕೆ ಒಂದು ಬಣ್ಣದ ಮಸಿ, ಕಲ್ಪನಾಲೋಕಕ್ಕೆ ಇನ್ನೊಂದು ಬಣ್ಣದ ಮಸಿ. 26 ಅಧ್ಯಾಯಗಳು ವರ್ಣಮಾಲೆಯ ಅಕ್ಷರಗಳಿಂದ ಒಂದೊಂದಾಗಿ ಶುರುವಾಗುತ್ತವೆ. ತಾಯಿಯನ್ನು ಕಳೆದುಕೊಂಡ ಬಾಸ್ಟಿಯನ್ ಎಂಬ ಹುಡುಗ ಪುಸ್ತಕದಂಗಡಿಯಿಂದ ಒಂದು ಪುಸ್ತಕ ಕದ್ದು, ಶಾಲೆಯ ಅಟ್ಟದಲ್ಲಿ ಕೂತು ಓದುತ್ತಾನೆ. ಅದರೊಳಗಿನ ಲೋಕ ಶೂನ್ಯಕ್ಕೆ ಸಿಕ್ಕಿ ಅಳಿಯುತ್ತಿದೆ, ಅದನ್ನು ಉಳಿಸಲು ಅಲ್ಲಿನ ರಾಣಿಗೆ ಅವನು ಹೊಸ ಹೆಸರಿಡಬೇಕು. ಇಲ್ಲಿಗೆ ಅರ್ಧ ಪುಸ್ತಕ. ವೋಲ್ಫ್‌ಗ್ಯಾಂಗ್ ಪೀಟರ್ಸನ್ 1984ರಲ್ಲಿ ಚಿತ್ರಿಸಿದ್ದು ಈ ಅರ್ಧವನ್ನು.

ಎಂಡೆ ತಮ್ಮ ಹೆಸರನ್ನು ಆರಂಭದ ಶೀರ್ಷಿಕೆಗಳಿಂದ ತೆಗೆಸಿದರು, ಕೋರ್ಟಿಗೂ ಹೋಗಿ ಸೋತರು. ಲೇಖಕನ ಹಟವೆಂದು ಅನೇಕರು ಇದನ್ನು ತಳ್ಳಿಹಾಕಿದ್ದಾರೆ. ಆದರೆ ಬಿಟ್ಟುಹೋದ ಉತ್ತರಾರ್ಧದಲ್ಲಿ ಏನಿದೆ ನೋಡಿ. ಕಲ್ಪನಾಲೋಕಕ್ಕೆ ಹೋದ ಬಾಸ್ಟಿಯನ್‌ಗೆ ಏನು ಬೇಡಿದರೂ ಸಿಗುತ್ತದೆ. ಚೆಲುವು, ಬಲ, ಕೀರ್ತಿ. ಒಂದೊಂದು ಬಯಕೆಗೂ ಒಂದೊಂದು ನೆನಪು ಬೆಲೆ. ಬರಬರುತ್ತಾ ಅವನು ದರ್ಪಿಷ್ಠನಾಗುತ್ತಾನೆ, ಆ ಲೋಕದ ಗೆಳೆಯ ಅಟ್ರೇಯೂವಿನ ಮೇಲೆಯೇ ಕತ್ತಿ ಎತ್ತುತ್ತಾನೆ, ಕಡೆಗೆ ತನ್ನ ಹೆಸರೂ ಮರೆತುಹೋಗುತ್ತದೆ. ಅಲ್ಲಿಂದ ಅವನು ಹಿಂದಿರುಗುವುದು ದುಃಖದಲ್ಲಿ ಹೆಪ್ಪುಗಟ್ಟಿ ಕೂತಿದ್ದ ಅಪ್ಪನ ಬಳಿಗೆ. ಕಲ್ಪನೆ ಬೇಕು, ಅದರಲ್ಲೇ ಉಳಿದರೆ ನೀನು ಇಲ್ಲವಾಗುತ್ತೀಯ ಎಂದು ಪುಸ್ತಕಪ್ರಿಯ ಮಕ್ಕಳಿಗೇ ಹೇಳುವ ಧೈರ್ಯ ಎಂಡೆಯದು. ಚಿತ್ರದ ಕೊನೆಯಲ್ಲೋ, ಬಾಸ್ಟಿಯನ್ ಅದೃಷ್ಟದ ಡ್ರ್ಯಾಗನ್ ಮೇಲೆ ಹತ್ತಿ ನಗರಕ್ಕೆ ಹಾರಿಬಂದು, ತನ್ನನ್ನು ಪೀಡಿಸಿದ ಹುಡುಗರನ್ನು ಬೀದಿಯಲ್ಲಿ ಅಟ್ಟಾಡಿಸುತ್ತಾನೆ. ಕಾದಂಬರಿ ಯಾವ ಆಸೆಯ ವಿರುದ್ಧ ಎಚ್ಚರಿಸಿತ್ತೋ ಆ ಆಸೆಯೇ ಇಲ್ಲಿ ಬಹುಮಾನವಾಗಿದೆ. ಅರ್ಧ ಬಿಟ್ಟದ್ದಕ್ಕಿಂತ ಇದು ದೊಡ್ಡ ತಪ್ಪು.

ಇಷ್ಟಾದರೂ ಆ ಚಿತ್ರವನ್ನು ಎಳವೆಯಲ್ಲಿ ನೋಡಿದವರನ್ನು ಕೇಳಿ. ಅವರು ಮೊದಲು ನೆನೆಯುವುದು ಆ ಸವಾರಿಯನ್ನಲ್ಲ. ದುಃಖದ ಜೌಗಿನಲ್ಲಿ ಅಟ್ರೇಯೂವಿನ ಬಿಳಿ ಕುದುರೆ ಆರ್ಟಾಕ್ಸ್ ನಿಧಾನವಾಗಿ ಮುಳುಗುವ ದೃಶ್ಯವನ್ನು. ಪುಸ್ತಕ ಓದದವರೂ, ಅದರ ಹೆಸರು ಕೇಳದವರೂ ನಲವತ್ತರ ವಯಸ್ಸಿನಲ್ಲಿ ಆ ಕುದುರೆಗಾಗಿ ಮರುಗುತ್ತಾರೆ. ಮಕ್ಕಳಿಗೆ ಭಯ, ಸಾವು, ವಿಯೋಗ ಭಾರವಾಗುತ್ತವೆ ಎಂದುಕೊಂಡು ಕೊನೆಗಳನ್ನು ಸಿಹಿ ಮಾಡುವ ನಿರ್ಮಾಪಕರು ಈ ಒಂದು ಅಭಿಪ್ರಾಯವನ್ನಾದರೂ ಕಿವಿಗೆ ಹಾಕಿಕೊಳ್ಳಬೇಕಿತ್ತು. ಮಕ್ಕಳು ಅತ್ತರು, ಅತ್ತದ್ದನ್ನೇ ಜೋಪಾನ ಮಾಡಿದರು.

2007ರಲ್ಲಿ ಎರಡು ಚಿತ್ರಗಳು ಬಂದವು, ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಫಿಲಿಪ್ ಪುಲ್‌ಮನ್ ಅವರ 1995ರ ‘ನಾರ್ದರ್ನ್ ಲೈಟ್ಸ್’ ಆಧರಿಸಿದ ‘ದ ಗೋಲ್ಡನ್ ಕಾಂಪಸ್’ಗೆ ನ್ಯೂ ಲೈನ್ ಸಂಸ್ಥೆ ಸುಮಾರು 18 ಕೋಟಿ ಡಾಲರ್ ಸುರಿಯಿತು. ಪ್ರತಿ ಮನುಷ್ಯನ ಆತ್ಮವೂ ಪ್ರಾಣಿಯ ರೂಪದಲ್ಲಿ ಅವನ ಜೊತೆಗೇ ನಡೆದಾಡುವ ಲೋಕ ಅದು. ಮಕ್ಕಳನ್ನು ಆ ಪ್ರಾಣಿಯಿಂದ ಕತ್ತರಿಸಿ ಬೇರೆ ಮಾಡುವ ಧರ್ಮಸಂಸ್ಥೆಯೊಂದು ಅಲ್ಲಿದೆ. ಅಮೆರಿಕದ ಕ್ಯಾಥೊಲಿಕ್ ಲೀಗ್ ಬಿಡುಗಡೆಗೆ ಮೊದಲೇ ಬಹಿಷ್ಕಾರದ ಕರೆ ಕೊಟ್ಟಿತು. ಧರ್ಮಸಂಸ್ಥೆಯ ಮೇಲಿನ ಟೀಕೆಯನ್ನು ಚಿತ್ರ ಆದಷ್ಟೂ ಮಸುಕು ಮಾಡಿತ್ತಾದರೂ ಬಹಿಷ್ಕಾರ ನಿಲ್ಲಲಿಲ್ಲ, ಪುಸ್ತಕದ ಓದುಗರು ಮಾತ್ರ ದೂರವಾದರು. ಅದಕ್ಕಿಂತ ಹೆಚ್ಚಾಗಿ, ಕಾದಂಬರಿಯ ಕೊನೆಯ ಮೂರು ಅಧ್ಯಾಯಗಳು ಚಿತ್ರದಲ್ಲಿಲ್ಲ. ಅಲ್ಲಿ ಕತೆಯ ನಾಯಕಿ ಲೈರಾ ತನ್ನ ಗೆಳೆಯ ರೋಜರ್‌ನನ್ನು ಶತ್ರುಗಳಿಂದ ಬಿಡಿಸಿ ತಂದೆಯ ಬಳಿಗೆ ಕರೆದೊಯ್ಯುತ್ತಾಳೆ. ತಂದೆಗೆ ಬೇಕಿದ್ದದ್ದು ಒಂದು ಮಗುವಿನ ಪ್ರಾಣ. ರೋಜರ್ ಸಾಯುತ್ತಾನೆ. ಉಳಿಸಿದೆ ಎಂದುಕೊಂಡವಳೇ ಬಲಿಗೆ ತಂದಳು ಎಂಬ ಈ ಸತ್ಯದ ಭಾರವನ್ನು ಲೈರಾ ಮುಂದೆ ಹೊರುತ್ತಾಳೆ. ಚಿತ್ರೀಕರಿಸಿದ್ದ ಈ ಭಾಗವನ್ನು ಮುಂದಿನ ಚಿತ್ರಕ್ಕಿರಲೆಂದು ಎತ್ತಿಟ್ಟರು, ಮುಂದಿನ ಚಿತ್ರ ಬರಲೇ ಇಲ್ಲ. ಇಬ್ಬರೂ ಆಕಾಶನೌಕೆಯಲ್ಲಿ ನಗುತ್ತಾ ಹೋಗುವಲ್ಲಿಗೆ ಸಿನಿಮಾ ಮುಗಿಯಿತು. ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು, ಅಮೆರಿಕದಲ್ಲಿ ಗಳಿಕೆ ಸುಮಾರು 7 ಕೋಟಿ ಡಾಲರ್‌ಗೆ ನಿಂತಿತು. ಓದದೆ ಹೋದವರೂ ‘ಏನೋ ಅರ್ಧಕ್ಕೆ ನಿಂತಂತಾಯಿತು’ ಎಂದರು. ಏನು ತಪ್ಪಿದೆಯೆಂದು ಅವರಿಗೆ ಗೊತ್ತಿರಲಿಲ್ಲ, ತಪ್ಪಿದೆಯೆಂಬುದು ಗೊತ್ತಾಗಿತ್ತು.

ಅದೇ ವರ್ಷದ ‘ಬ್ರಿಜ್ ಟು ಟೆರಬಿಥಿಯಾ’ ಸಣ್ಣ ಚಿತ್ರ. ಕ್ಯಾಥರಿನ್ ಪ್ಯಾಟರ್ಸನ್ ಅವರ 1977ರ ಕಾದಂಬರಿಗೆ ಮೂಲ, ಅವರ ಪುಟ್ಟ ಮಗನ ಗೆಳತಿ ಸಿಡಿಲು ಬಡಿದು ತೀರಿಕೊಂಡದ್ದು. ಆ ಮಗ ಡೇವಿಡ್ ಪ್ಯಾಟರ್ಸನ್ ದೊಡ್ಡವನಾಗಿ ಈ ಚಿತ್ರದ ಚಿತ್ರಕತೆಯಲ್ಲೂ ನಿರ್ಮಾಣದಲ್ಲೂ ಪಾಲು ಹೊತ್ತರು. ಹೀಗಾಗಿ ಲೆಸ್ಲಿ ಎಂಬ ಹುಡುಗಿಯ ಸಾವನ್ನು ಚಿತ್ರ ಮುಚ್ಚಿಡಲಿಲ್ಲ, ತಗ್ಗಿಸಲೂ ಇಲ್ಲ. ತಗ್ಗಿಸಿದ್ದು ಜಾಹೀರಾತು. ಟ್ರೇಲರ್‌ನಲ್ಲಿ ರಾಕ್ಷಸರು, ವಿಚಿತ್ರ ಜೀವಿಗಳು, ಇನ್ನೊಂದು ನಾರ್ನಿಯಾದ ಭರವಸೆ. ಮಾಯಾಲೋಕವೆಂದು ನಂಬಿ ಮಕ್ಕಳನ್ನು ಕರೆತಂದ ತಂದೆತಾಯಂದಿರು ಮಧ್ಯದಲ್ಲಿ ಬಂದೆರಗಿದ ಸಾವಿಗೆ ತತ್ತರಿಸಿದರು. ‘ಮೊದಲೇ ಯಾಕೆ ಹೇಳಲಿಲ್ಲ’ ಎಂಬ ಅವರ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ಸಲ್ಲಬೇಕಾದದ್ದು ಚಿತ್ರಕ್ಕಲ್ಲ. ಗೆಳತಿ ಇನ್ನಿಲ್ಲ ಎಂದು ಕೇಳಿದ ಜೆಸ್ ಎಂಬ ಹುಡುಗ ಅದನ್ನು ನಂಬದೆ ಮನೆಯಿಂದ ಓಡಿಹೋಗುವ ದೃಶ್ಯ ಮಕ್ಕಳ ಸಿನಿಮಾದಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ದೃಶ್ಯಗಳಲ್ಲೊಂದು. ಗ್ರಾಫಿಕ್ ಜೀವಿಗಳು ಮಾತ್ರ ಅಗತ್ಯಕ್ಕಿಂತ ಹೆಚ್ಚಾದವು. ಪುಸ್ತಕದಲ್ಲಿ ಟೆರಬಿಥಿಯಾ ಎಂಬ ಕಲ್ಪನಾಲೋಕ ಇಬ್ಬರು ಮಕ್ಕಳ ಮಾತಿನಲ್ಲಷ್ಟೇ ಇದೆ.

ಸಿಹಿ ಮಾಡುವ ಈ ಚಾಳಿ ಹಾಲಿವುಡ್‌ನಲ್ಲಿ ಹಳೆಯದು. 1939ರ ‘ದ ವಿಜರ್ಡ್ ಆಫ್ ಓಜ್’ ಎಲ್ಲರ ಪ್ರೀತಿಯ ಚಿತ್ರ, ನನ್ನದೂ. ಬೆಳ್ಳಿಯ ಪಾದರಕ್ಷೆಗಳನ್ನು ಟೆಕ್ನಿಕಲರ್‌ಗೋಸ್ಕರ ಕೆಂಪು ಮಾಣಿಕ್ಯದವು ಮಾಡಿದ್ದರಲ್ಲಿ ಯಾವ ನಷ್ಟವೂ ಇಲ್ಲ. ಆದರೆ ಎಲ್. ಫ್ರಾಂಕ್ ಬಾಮ್ ಅವರ ಓಜ್ ನಿಜವಾಗಿ ಇರುವ ದೇಶ. 1910ರಲ್ಲಿ ಬಂದ ಮುಂದಿನ ಕತೆಯೊಂದರಲ್ಲಿ ನಾಯಕಿ ಡೊರೊತಿ ಸಾಲದಲ್ಲಿ ಸೋತ ಚಿಕ್ಕಮ್ಮ ಚಿಕ್ಕಪ್ಪನನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ ನೆಲೆಸುತ್ತಾಳೆ. ಚಿತ್ರ ಅದನ್ನೆಲ್ಲ ತಲೆಗೆ ಪೆಟ್ಟುಬಿದ್ದ ಹುಡುಗಿಯ ಕನಸು ಮಾಡಿತು. ಅದು ನಿಜವಾದ ಜಾಗ ಎಂದು ಅವಳು ಹೇಳುತ್ತಲೇ ಇರುತ್ತಾಳೆ, ಸುತ್ತ ನಿಂತ ದೊಡ್ಡವರು ಮುಗುಳ್ನಗುತ್ತಾರೆ. ಚಿತ್ರ ಆ ದೊಡ್ಡವರ ಕಡೆಗೇ ನಿಂತಿದೆ.

ಹಾಗಾದರೆ ಮೂಲಕ್ಕೆ ಅಂಟಿಕೊಂಡಿರುವುದೇ ದಾರಿಯೇ? ಅಲ್ಲ. ಡಯಾನಾ ವಿನ್ ಜೋನ್ಸ್ ಅವರ 1986ರ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ ಅನ್ನು ಹಯಾವೊ ಮಿಯಾಜಾಕಿ 2004ರಲ್ಲಿ ಅನಿಮೇಷನ್ ಚಿತ್ರ ಮಾಡಿದಾಗ ಬದಲಿಸದೆ ಬಿಟ್ಟದ್ದೇ ಕಡಿಮೆ. ಮಾಂತ್ರಿಕ ಹೌಲ್‌ನ ವೇಲ್ಸ್ ಊರು ಹೋಯಿತು, ಕಾದಂಬರಿಯಲ್ಲಿಲ್ಲದ ಭೀಕರ ಯುದ್ಧವೊಂದು ನಡುವೆ ಬಂತು. ಲೇಖಕಿಗೆ ಚಿತ್ರ ಮೆಚ್ಚುಗೆಯಾಯಿತು. ಶಾಪದಿಂದ ಮುದುಕಿಯಾದ ಸೋಫಿ ಎಂಬ ಹುಡುಗಿ, ಮುಪ್ಪಿನಲ್ಲಿಯೇ ಮೊದಲ ಬಾರಿಗೆ ಅಂಜಿಕೆ ಬಿಟ್ಟು ಬಾಯಿ ತೆರೆಯುತ್ತಾಳೆ ಎಂಬುದು ಕಾದಂಬರಿಯ ಜೀವ. ಮಿಯಾಜಾಕಿ ಅದನ್ನು ಹಿಡಿದುಕೊಂಡರು. ಅವಳ ಬೆನ್ನು, ನಡಿಗೆ, ಗೊಣಗಾಟ, ನಿದ್ದೆಯಲ್ಲಿ ಮರಳುವ ಹರೆಯ, ಒಂದೊಂದರಲ್ಲೂ ಆ ಗಮನವಿದೆ. ನಮ್ಮಲ್ಲೂ ನಾ. ಕಸ್ತೂರಿ ಲೂಯಿಸ್ ಕ್ಯಾರಲ್‌ನ ಆಲಿಸ್‌ಳನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಕ್ಕೆ ತಂದಾಗ ಹೆಸರಿನಿಂದಲೇ ಆ ಸ್ವಾತಂತ್ರ್ಯ ತೆಗೆದುಕೊಂಡಿದ್ದರು.

ಈಗ ದೊಡ್ಡ ಸಂಸ್ಥೆಗಳು ಓದುಗರ ದೂರಿಗೆ ಹೊಸ ಉತ್ತರ ಹುಡುಕಿವೆ. ಎರಡು ಗಂಟೆ ಸಾಲದಿದ್ದರೆ ಎಂಟು ಗಂಟೆಯ ಸರಣಿ. ಪುಲ್‌ಮನ್ ಕಾದಂಬರಿಗಳು 2019ರಿಂದ 2022ರವರೆಗೆ ಬಿಬಿಸಿ ಮತ್ತು ಎಚ್‌ಬಿಒ ಸರಣಿಯಾದವು. ಹ್ಯಾರಿ ಪಾಟರ್ ಕೂಡ ಆ ದಾರಿ ಹಿಡಿದಿದ್ದಾನೆ. ಬಿಟ್ಟುಹೋದದ್ದರ ಲೆಕ್ಕ ಇದರಿಂದ ತೀರಬಹುದು. ಆದರೆ ಪುಲ್‌ಮನ್ ಸರಣಿಯಲ್ಲೂ ಆತ್ಮಪ್ರಾಣಿಗಳು ತೆರೆಯ ಮೇಲೆ ಕಾಣುವುದೇ ಅಪರೂಪ ಎಂದು ನೋಡುಗರು ಬೇಸರಪಟ್ಟರು. ಅದು ಸಣ್ಣ ಕೊರತೆಯಲ್ಲ. ಮಗುವಿಗೂ ಅದರ ಪ್ರಾಣಿಗೂ ಇರುವ ಒಡನಾಟವನ್ನು ಗಂಟೆಗಟ್ಟಲೆ ನೋಡಿರದಿದ್ದರೆ ಅದನ್ನು ಕತ್ತರಿಸುವ ನೋವು ತಟ್ಟುವುದು ಹೇಗೆ? ಸಮಯ ಎಷ್ಟಿದ್ದರೂ ಅದನ್ನು ಎಲ್ಲಿ ಖರ್ಚು ಮಾಡಬೇಕೆಂಬುದು ಮತ್ತೆ ಅದೇ ಪ್ರಶ್ನೆ. ‘ದ ವಿಚಸ್’ 2020ರಲ್ಲಿ ರಾಬರ್ಟ್ ಝೆಮೆಕಿಸ್ ಕೈಯಲ್ಲಿ ಮತ್ತೆ ಚಿತ್ರವಾದಾಗ ಹುಡುಗ ಕೊನೆಯವರೆಗೂ ಇಲಿಯಾಗಿಯೇ ಉಳಿದ. ಓದುಗರ ಹಳೆಯ ಬೇಡಿಕೆ ಈಡೇರಿತು. ಆದರೆ ಮಾಟಗಾತಿಯರ ಕೆಲವು ಬೆರಳಿಲ್ಲದ ಕೈಗಳನ್ನು ಭಯಹುಟ್ಟಿಸಲು ಬಳಸಿದ್ದಕ್ಕೆ ಅಂಥ ಕೈಗಳೊಂದಿಗೇ ಹುಟ್ಟಿದವರು ನೊಂದುಕೊಂಡರು, ನಟಿ ಆ್ಯನ್ ಹ್ಯಾಥವೇ ಮತ್ತು ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿದರು. ಡಾಲ್ ಪುಸ್ತಕದಲ್ಲಿ ಮಾಟಗಾತಿಯರಿಗೆ ಇದ್ದದ್ದು ಬೆಕ್ಕಿನಂಥ ಉಗುರು.

ಪುಲ್‌ಮನ್ ಸರಣಿಯ ಮೊದಲ ಭಾಗ ಮಾತ್ರ 2007ರ ಚಿತ್ರ ಹೆದರಿ ಹಿಂದೆ ಸರಿದ ಜಾಗಕ್ಕೆ ನೇರವಾಗಿ ನಡೆದುಹೋಯಿತು. ಅಲ್ಲಿ ರೋಜರ್ ಸಾಯುತ್ತಾನೆ, ಅದಕ್ಕೆ ಕಾರಣ ತಾನೇ ಎಂದು ಲೈರಾಗೆ ತಿಳಿಯುತ್ತದೆ, ಆಮೇಲೆ ಅವಳು ಇನ್ನೊಂದು ಲೋಕಕ್ಕೆ ಕಾಲಿಡುತ್ತಾಳೆ. ಹನ್ನೆರಡು ವರ್ಷ ಕಾದ ಓದುಗರಿಗೆ ಸಿಗಬೇಕಾದದ್ದು ಸಿಕ್ಕಿತು.