ಹೊಸ ಉತ್ಪನ್ನ ಮತ್ತು ಹಳೆಯ ಗ್ರಾಹಕ

ಸಣ್ಣ ತಂತ್ರಜ್ಞಾನ ಕಂಪನಿಗಳನ್ನು ನಾವು ಸಾಮಾನ್ಯವಾಗಿ ಅವು ಹೊರತಂದ ಹೊಸ ಸಾಧನಗಳಿಂದಲೇ ಅಳೆಯುತ್ತೇವೆ. ಈಗಾಗಲೇ ಮಾರಿದ ಸಾಧನ ಕೈಕೊಟ್ಟಾಗ ಉತ್ತರಿಸುವವರು ಯಾರೆಂದು ಕೇಳುವುದಿಲ್ಲ. ಇಂಥ ಕಂಪನಿಯಲ್ಲಿ ಎರಡೂ ಕೆಲಸ ಅದೇ ನಾಲ್ಕೈದು ಎಂಜಿನಿಯರುಗಳದು.

ಸಮಸ್ಯೆಯ ತಿರುಳು ಸರದಿ ಸಿದ್ಧಾಂತದಲ್ಲಿದೆ. ದೂರುಗಳು ಯಾದೃಚ್ಛಿಕವಾಗಿ ಬರುತ್ತವೆ. ಒಬ್ಬರೇ ಬಂದ ಕ್ರಮದಲ್ಲಿ ನಿಭಾಯಿಸುವ ಸರಳ ಮಾದರಿಯಲ್ಲಿ, ದೂರು ಬಗೆಹರಿಯಲು ಬೇಕಾದ ಒಟ್ಟು ಕಾಲವು ದುರಸ್ತಿಯ ಸರಾಸರಿ ಕಾಲವನ್ನು (1 − ಹೊರೆ) ಎಂಬುದರಿಂದ ಭಾಗಿಸಿದಷ್ಟು. ಬೆಂಬಲಕ್ಕೆ ಮೀಸಲಾದ ವೇಳೆಯ ಶೇ 80ರಷ್ಟನ್ನು ದೂರುಗಳು ತುಂಬಿದರೆ ಇದು ದುರಸ್ತಿ ಕಾಲದ 5 ಪಟ್ಟು; ಶೇ 95 ತುಂಬಿದರೆ 20 ಪಟ್ಟು. ಹೊಸ ವಿನ್ಯಾಸಕ್ಕಾಗಿ ಬೆಂಬಲದ ವೇಳೆಯಲ್ಲಿ ಸುಮಾರು ಶೇ 16 ಕಡಿತ ಮಾಡಿದರೆ ಸಾಕು, ಹೊರೆ 80ರಿಂದ 95ಕ್ಕೆ ಏರುತ್ತದೆ. ಕಡಿತ ಅಲ್ಪ, ಗ್ರಾಹಕ ಕಾಯುವ ಕಾಲ ಮಾತ್ರ ವಿಪರೀತ.

ಶಾಲಾ ಕಾಲೇಜುಗಳಿಗೆ ಪರಿಚಿತವಾದ ರಾಸ್ಪ್‌ಬೆರಿ ಪೈ ಗಣಕವನ್ನು ಈ ದೃಷ್ಟಿಯಿಂದ ನೋಡಬಹುದು. 2012ರಲ್ಲಿ ಬ್ರಿಟನ್ನಿನ ಈ ಪುಟ್ಟ ಸಂಸ್ಥೆ ತಯಾರಿಕೆ ಮತ್ತು ಮಾರಾಟವನ್ನು ದೊಡ್ಡ ವಿತರಕರಿಗೆ ವಹಿಸಿ, ತನ್ನವರ ವೇಳೆಯನ್ನು ಉಳಿಸಿಕೊಂಡಿತು. 2014ರಲ್ಲಿ ಬಂದ 40 ಪಿನ್ನುಗಳ ಜೋಡಣೆಯನ್ನು 2023ರ ಐದನೆಯ ಮಾದರಿಯವರೆಗೂ ಕಾಯ್ದುಕೊಂಡಿತು. ವಿನ್ಯಾಸ ಬದಲಾಗದಿದ್ದರೆ ಪ್ರಶ್ನೆಗಳೂ ಕಡಿಮೆ. ಇದು ಮೆಚ್ಚತಕ್ಕ ವಿಷಯ.

ಆದರೆ ಎರಡು ಆಕ್ಷೇಪಗಳಿವೆ. ಐದನೆಯ ಮಾದರಿಯಲ್ಲಿ ಪಿನ್ನುಗಳು ಅವೇ ಆದರೂ ಅವನ್ನು ನಿಯಂತ್ರಿಸುವ ಚಿಪ್ ಬೇರೆ. ಹಳೆಯ ಚಿಪ್ಪಿನ ರಿಜಿಸ್ಟರುಗಳನ್ನು ನೇರವಾಗಿ ಬಳಸುತ್ತಿದ್ದ ಪ್ರೋಗ್ರಾಮುಗಳು ಅದರಲ್ಲಿ ಹಾಗೆಯೇ ನಡೆಯಲಿಲ್ಲ. ಅವನ್ನು ತಿದ್ದುವ ಹೊರೆ ಬಳಕೆದಾರನ ಮೇಲೆ ಬಿತ್ತು. ಎರಡನೆಯದಾಗಿ, 2021ರಿಂದ 2023ರವರೆಗಿನ ಚಿಪ್ ಕೊರತೆಯಲ್ಲಿ ಸಂಸ್ಥೆ ಕೈಗಾರಿಕಾ ಗ್ರಾಹಕರಿಗೆ ಆದ್ಯತೆ ನೀಡಿತು. ಅದನ್ನು ಮುಚ್ಚಿಡಲಿಲ್ಲ, ಕಾರಣವನ್ನೂ ಹೇಳಿತು: ಈ ಗಣಕವನ್ನು ತಮ್ಮ ಉತ್ಪನ್ನದಲ್ಲಿ ಅಳವಡಿಸಿದವರ ಜೀವನೋಪಾಯ ಅದನ್ನೇ ಅವಲಂಬಿಸಿತ್ತು. ಒಪ್ಪಬಹುದಾದ ವಾದ. ಆದರೂ ಯಾರ ಹೆಸರಿನಲ್ಲಿ ಈ ಗಣಕ ಹುಟ್ಟಿತೋ ಆ ವಿದ್ಯಾರ್ಥಿಯೇ ಸರದಿಯ ಕೊನೆಯಲ್ಲಿ ನಿಂತ.

ಬೆಂಬಲವನ್ನು ಬಿಡುವಿನ ಕೆಲಸವೆಂದು ಎಣಿಸುವುದೇ ಮೂಲದೋಷ. ಒಂದೇ ದೂರು ಹತ್ತು ಕಡೆಯಿಂದ ಬಂದರೆ ಅದು ವಿನ್ಯಾಸದ ಕೊರತೆಯನ್ನು ತೋರುವ ಮಾಪನ. ಅದನ್ನು ಓದಬಲ್ಲವರು ವಿನ್ಯಾಸಕಾರರೇ. ಆದ್ದರಿಂದ ಅವರೇ ಸರದಿಯ ಮೇಲೆ ವಾರಕ್ಕೊಬ್ಬರಂತೆ ದೂರುಗಳನ್ನು ನೋಡುವುದು ಒಳ್ಳೆಯದು.

ಪ್ರಯೋಗಾಲಯಕ್ಕೆ ಉಪಕರಣ ಕೊಳ್ಳುವ ಅಧ್ಯಾಪಕರು ಬೆಲೆಯ ಜೊತೆಗೆ ಇನ್ನೆರಡು ವಿಷಯ ವಿಚಾರಿಸಲಿ: ಈ ಮಾದರಿಗೆ ಎಷ್ಟು ವರ್ಷ ಬಿಡಿಭಾಗ ದೊರೆಯುತ್ತದೆ? ಮುಂದಿನ ಮಾದರಿಯಲ್ಲಿ ಇಂದಿನ ಪ್ರಯೋಗಗಳು ನಡೆಯುತ್ತವೆಯೆ? ಉತ್ತರವನ್ನು ಬರಹದಲ್ಲಿ ಪಡೆಯುವುದು ಕ್ಷೇಮ.