ಹಡಗು ಉಳಿಯಿತು, ಉಳಿ ಎಲ್ಲಿ?

ಮುಂಬಯಿ ನೋಡಲು ಊರಿನಿಂದ ಬಂದವರಿಗೆ ಗೇಟ್‌ವೇ, ತಾಜ್, ವಿ.ಟಿ. ಸ್ಟೇಷನ್ ತೋರಿಸುವುದು ನಮ್ಮಂಥವರ ಪಾಲಿಗೆ ಬಂದ ಕರ್ತವ್ಯ. ಆದರೆ ಫೋರ್ಟಿನ ಶಹೀದ್ ಭಗತ್‌ಸಿಂಗ್ ರಸ್ತೆಯಲ್ಲಿ, ಲಯನ್ ಗೇಟಿನ ಅಕ್ಕಪಕ್ಕ ಹಬ್ಬಿರುವ ಉದ್ದನೆಯ ಗೋಡೆಯಾಚೆ ಏನುಂಟು ಅಂತ ಕೇಳಿದವರನ್ನು ನಾನು ಕಂಡಿಲ್ಲ. ಕೇಳಿದರೂ 'ನೇವಿಯವರದು' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮರದ ಹಡಗು ಕಟ್ಟುವುದರಲ್ಲಿ ಒಂದು ಕಾಲಕ್ಕೆ ಲೋಕಪ್ರಸಿದ್ಧವಾಗಿದ್ದ ಹಡಗುಕಟ್ಟೆ ಅದು.

ಅದನ್ನು ಬೆಳೆಸಿದವರೂ ಹೊರಗಿನಿಂದ ಬಂದವರೇ. 1736ರಲ್ಲಿ ಸೂರತ್‌ನಿಂದ ಬಂದ ಪಾರಸಿ ಬಡಗಿ ಲವ್ಜಿ ನಸರ್‌ವಾನ್‌ಜಿ ವಾಡಿಯಾ ಇಲ್ಲಿ ಬೇರುಬಿಟ್ಟರು. 1750ರ ದಶಕದಲ್ಲಿ ನೀರು ಹೊರಹಾಕಿ ಹಡಗಿನ ತಳ ರಿಪೇರಿ ಮಾಡುವ ಡ್ರೈಡಾಕ್ ಬಂತು. 1810ರ ಹೊತ್ತಿಗೆ ದೊಡ್ಡ ಡಂಕನ್ ಡಾಕ್ ಎದ್ದಿತು. ಅದೇ ವರ್ಷ ನೀರಿಗಿಳಿದ 'ಮಿಂಡನ್' ಬ್ರಿಟಿಷ್ ನೌಕಾಪಡೆ ತನ್ನ ದೇಶದ ಹೊರಗೆ ಕಟ್ಟಿಸಿದ ಮೊದಲ ದೊಡ್ಡ ಯುದ್ಧನೌಕೆ. 1813ರ 'ಕಾರ್ನ್‌ವಾಲಿಸ್' ಮೇಲೆಯೇ 1842ರಲ್ಲಿ ಚೀನಾದೊಡನೆ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು. ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ ಕಟ್ಟಿದ 'ಟ್ರಿಂಕೋಮಲೀ' 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಅಡಿಮರ ಇಡುವಾಗ ಪಾರಸಿ ಸಂಪ್ರದಾಯದಂತೆ ಅದಕ್ಕೊಂದು ಬೆಳ್ಳಿ ಮೊಳೆ ಹೊಡೆದಿದ್ದರು.

ಈ ಟ್ರಿಂಕೋಮಲೀ ಈಗಲೂ ನೀರಿನ ಮೇಲಿದೆ. ಆದರೆ ಮುಂಬಯಿಯಲ್ಲಲ್ಲ, ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ. 1987ರಲ್ಲಿ ಅಲ್ಲಿಗೆ ತಂದು, 2001ರವರೆಗೆ ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಸುತ್ತಲೂ ಹದಿನೆಂಟನೇ ಶತಮಾನದ ಬಂದರಿನಂತೆ ಕಾಣುವ ಅಂಗಡಿ, ಮನೆಗಳನ್ನು ಹೊಸದಾಗಿ ಕಟ್ಟಿದ್ದಾರೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ನಗುವೂ ಬರುತ್ತದೆ, ಬೇಸರವೂ ಆಗುತ್ತದೆ. ಅಲ್ಲಿ ಹಡಗು ಅಸಲಿ, ಬಂದರು ನಕಲಿ. ಇಲ್ಲಿ ಕಟ್ಟೆ ಅಸಲಿ, ನೋಡುವವರಿಗೆ ಮಾತ್ರ ಬಾಗಿಲಿಲ್ಲ.

ಹಾಗಂತ ನೌಕಾಪಡೆಯನ್ನು ದೂರುವುದು ಸರಿಯಲ್ಲ. ರಕ್ಷಣೆಯ ಜಾಗದಲ್ಲಿ ಜಾತ್ರೆ ನಡೆಸಲಾಗದು. ಎರಡು ಶತಮಾನ ಕಳೆದರೂ ಆ ಕಟ್ಟೆಯಲ್ಲಿ ಹಡಗಿನ ಕೆಲಸ ನಡೆಯುತ್ತಿದೆಯೆಂದರೆ ಅದೂ ಒಂದು ಬಗೆಯ ರಕ್ಷಣೆಯೇ. ಮ್ಯೂಸಿಯಂ ಮಾಡಿದ್ದೆಲ್ಲ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. 1997ರಲ್ಲಿ ನಿವೃತ್ತವಾದ 'ವಿಕ್ರಾಂತ್' 2001ರಿಂದ ಇದೇ ಕಡಲಲ್ಲಿ ಮ್ಯೂಸಿಯಂ ಆಗಿತ್ತು. 2012ರಲ್ಲಿ ಸುರಕ್ಷಿತವಲ್ಲ ಅಂತ ಮುಚ್ಚಿ, 2014ರಲ್ಲಿ ಗುಜರಿಗೆ ಮಾರಿದರು. ಇಷ್ಟು ದೊಡ್ಡ ವಸ್ತುವನ್ನು ಸಾಕುವುದು ಆನೆ ಸಾಕಿದ ಹಾಗೆ.

ನನ್ನ ತಕರಾರು ಬೇರೆ. ಹಡಗು ಉಳಿಸಿದವರೂ ಕಟ್ಟೆ ಉಳಿಸಿಕೊಂಡವರೂ ಕೆಲಸವನ್ನು ಉಳಿಸಲಿಲ್ಲ. ಬಾಚಿ, ಉಳಿ, ಗರಗಸ, ಹಲಗೆಯ ಸಂದಿಗೆ ತುಂಬುವ ನಾರು, ಮೆತ್ತುವ ರಾಳ, ಬಾಗಿದ ಮರಕ್ಕೆ ಅಳತೆ ಹಿಡಿಯುವ ರೀತಿ ಒಂದೆಡೆ ಕಾಣುವ ಸಣ್ಣ ಕೊಟ್ಟಿಗೆಯೊಂದು ಬೇಕಿತ್ತು. ಅದಕ್ಕೆ ಕೋಟಿಗಟ್ಟಲೆ ಬೇಡ, ಡಾಕಿನೊಳಗೇ ಇರಬೇಕೆಂದೂ ಇಲ್ಲ. ಗೋಡೆಯ ಈಚೆಗೆ ಒಂದು ಹಳೇ ಗೋದಾಮು ಸಾಕು.

ಅಂಥ ಕೊಟ್ಟಿಗೆ ಇದ್ದಿದ್ದರೆ ಅದರ ಮೊದಲ ಗೋಡೆ ನಮ್ಮದೇ ಆಗುತ್ತಿತ್ತು. ಯುರೋಪಿನ ಓಕ್ ಮರದಲ್ಲಿರುವ ಹುಳಿ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದ ಎಣ್ಣೆ ಅದನ್ನು ಕಾಯುತ್ತದೆ. ಮುಂಬಯಿ ಹಡಗುಗಳು ಬಾಳಿದ್ದಕ್ಕೆ ಇದೇ ದೊಡ್ಡ ಕಾರಣ. ಆ ತೇಗ ಬಂದದ್ದು ಮಲಬಾರಿನಿಂದ, ಕೆನರಾದಿಂದ. ಬ್ರಿಟಿಷರು 1806ರಲ್ಲಿ ಮಲಬಾರಿಗೆ ಕಾಡಿನ ಅಧಿಕಾರಿಯೊಬ್ಬನನ್ನು ನೇಮಿಸಿದ್ದೇ ಹಡಗಿನ ಮರಕ್ಕಾಗಿ. ಆಮೇಲೆ ಊರಿನ ಜನವೂ ಅದೇ ಕಡಲ ದಾರಿಯಲ್ಲಿ ಸ್ಟೀಮರ್ ಹತ್ತಿ ಇಲ್ಲಿಗೆ ಬಂದರು. ಮರ ಮೊದಲು, ಮನುಷ್ಯ ಆಮೇಲೆ.

ಇನ್ನು ಹೆಸರಿನ ವಿಷಯ. ದೊಡ್ಡ ಮನೆತನಗಳಿಗೆ ಚರಿತ್ರೆ ಬರೆಯುವವರು ಸಿಗುತ್ತಾರೆ. ವಾಡಿಯಾ ಶಿಲ್ಪಿಗಳ ಬಗ್ಗೆ ಅದೇ ಮನೆತನದ ರತನ್‌ಜಿ ಅರ್ದೇಶಿರ್ ವಾಡಿಯಾ 1955ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಅದು ಸಲ್ಲಬೇಕಾದ ಗೌರವವೇ. ಆದರೆ ಬಾಚಿ ಹಿಡಿದ ನೂರಾರು ಕೈಗಳು ಸಂಬಳದ ಲೆಕ್ಕದಲ್ಲಿ ಬರುತ್ತವೆ, ಚರಿತ್ರೆಯಲ್ಲಿ ಬರುವುದಿಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹುಡುಗರ ಈ ಫೋರ್ಟಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈ ಶಹರ ಮಾಲೀಕನ ಬೋರ್ಡನ್ನು ನೆನಪಿಟ್ಟುಕೊಳ್ಳುತ್ತದೆ, ಮಾಣಿಯ ಹೆಸರನ್ನಲ್ಲ.

ಸಸೂನ್ ಡಾಕಿನಲ್ಲಿ ಒಮ್ಮೆ ನಮ್ಮ ಕಡೆಯ ಹಿರಿಯ ಮೊಗವೀರರೊಬ್ಬರೊಡನೆ ಮರದ ದೋಣಿಯ ಮಾತೆತ್ತಿದೆ. "ಈಗ ಯಾರು ಕಟ್ಟುದು ಮಾರಾಯ್ರೆ? ಫೈಬರ್ ಬಂತಲ್ಲ. ಆಚಾರಿ ಉಂಟು, ಅವನ ಮಗ ದುಬೈಯಲ್ಲಿ" ಎಂದರು. ಹಗ್ಗದಿಂದ ಹಲಗೆ ಹೊಲಿದ ರಂಪಣಿ ದೋಣಿಗಳು ನಮ್ಮ ಕರಾವಳಿಯಲ್ಲೇ ಇದ್ದವು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು, ರಂಪಣಿ ಹಿಂದೆ ಸರಿಯಿತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳನ್ನು ಕಂಡವರಾದರೂ ನಿಮ್ಮಲ್ಲಿ ಇದ್ದೀರಿ.

ಮುಂಬಯಿಗೆ ತಡವಾಗಿದೆ. ಇಲ್ಲಿ ಕಲ್ಲಿನ ಡಾಕು ಉಳಿದಿದೆ, ಅದರಲ್ಲಿ ಮರದ ಹಡಗು ಕಟ್ಟಿದವರನ್ನು ಕೇಳೋಣವೆಂದರೆ ಒಬ್ಬರೂ ಇಲ್ಲ. ಊರಿನಲ್ಲಿ ಹಾಗಲ್ಲ. ಮಲ್ಪೆ, ಗಂಗೊಳ್ಳಿ, ಭಟ್ಕಳದ ಕಡೆ ಬಾಚಿ ಹಿಡಿದ ಮುದುಕರು ಇನ್ನೂ ಸಿಕ್ಕಾರು. ಮ್ಯೂಸಿಯಂ ಕಟ್ಟಡಕ್ಕೆ ಅರ್ಜಿ ಹಾಕುವುದು ಆಮೇಲಾಗಲಿ. ಮೊದಲು ಅವರ ಹತ್ತಿರ ಕೂತು, ಹಲಗೆಯ ಹೆಸರು, ಅಳತೆಯ ಲೆಕ್ಕ, ಕಲಿಸಿದ ಗುರುವಿನ ಹೆಸರು ಬರೆದುಕೊಳ್ಳಿ. ಅವರ ಹೆಸರನ್ನೂ ಬರೆಯಲು ಮರೆಯಬೇಡಿ.